ಬಿಸಿಲಿದ್ದರೂ ಇಳಿಯಲ್ಲ, ನಡುರಾತ್ರಿ ಇಳಿಯುತ್ತಾರೆ: ಗಗನಯಾನಿಗಳ ವಾಪಸಾತಿಯ ಲೆಕ್ಕ

2025ರ ಆಗಸ್ಟ್‌ನಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಹೊರಡಬೇಕಿದ್ದ ನಾಸಾದ ಕ್ರೂ-10 ತಂಡದ ನಾಲ್ವರು ಇನ್ನೊಂದು ದಿನ ಅಲ್ಲೇ ಉಳಿದರು. ಕ್ಯಾಲಿಫೋರ್ನಿಯಾ ಕರಾವಳಿಯಲ್ಲಿ ಗಾಳಿ ಜಾಸ್ತಿ ಇದೆ ಅನ್ನುವುದು ಕಾರಣ. ಚಂಡಮಾರುತ ಅಲ್ಲ, ಬರೀ ಗಾಳಿ. ಅದೇ ನವೆಂಬರ್‌ನಲ್ಲಿ ಚೀನಾದ ಮೂವರು, ತಮ್ಮ ಶೆಂಝೌ-20 ನೌಕೆಗೆ ಬಾಹ್ಯಾಕಾಶ ಕಸದ ಏನೋ ಚೂರು ಬಡಿದಿರಬಹುದು ಅನ್ನುವ ಅನುಮಾನಕ್ಕೆ ಒಂಬತ್ತು ದಿನ ಕಾದು, ಕೊನೆಗೆ ತಮ್ಮ ಬದಲಿಗೆ ಬಂದವರ ನೌಕೆ ಹತ್ತಿ ಇಳಿದರು. 2026ರ ಜನವರಿಯಲ್ಲಿ ಎಲ್ಲ ಉಲ್ಟಾ. ಕ್ರೂ-11 ತಂಡ ಗೊತ್ತುಮಾಡಿದ ದಿನಕ್ಕಿಂತ ಮುಂಚೆಯೇ ಗಂಟುಮೂಟೆ ಕಟ್ಟಿ ಬಂತು. ತಂಡದ ಒಬ್ಬರಿಗೆ ಆರೋಗ್ಯ ಸರಿಯಿರಲಿಲ್ಲ.

ಒಮ್ಮೆ ತಡ, ಒಮ್ಮೆ ಬೇಗ, ಒಮ್ಮೆ ಬೇರೆಯವರ ಗಾಡಿಯಲ್ಲಿ. ಜನವರಿ ಅಂದರೆ ಕೊಡಗಿನಲ್ಲಿ ರೋಬಸ್ಟಾ ಕಾಫಿ ಕೊಯ್ಲಿನ ಕಾಲ. ಮೋಡ ಕಂಡರೆ ಕಣದ ಮೇಲೆ ಹರಡಿದ ಕಾಫಿಗೆ ಟಾರ್ಪಾಲ್ ಹುಡುಕುವ ಜನಕ್ಕೆ ಹವಾಮಾನದ ಭಯ ಹೊಸದೇನಲ್ಲ. ಆದರೂ ಪ್ರಶ್ನೆ ಬಂದೇ ಬರುತ್ತದೆ. ರಾಕೆಟ್ ಹಾರಿಸುವಷ್ಟು ತಿಳಿದವರು ಸ್ವಲ್ಪ ಗಾಳಿಗೆ ಯಾಕೆ ಹೆದರುತ್ತಾರೆ? ಶುಭಾಂಶು ಶುಕ್ಲಾ ಇಳಿದಾಗ ಅಲ್ಲಿ ಯಾಕೆ ನಡುರಾತ್ರಿ? ಹೊರಟ ಮೇಲೆ ಒಬ್ಬರಿಗೆ ಹತ್ತು ಗಂಟೆ, ಇನ್ನೊಬ್ಬರಿಗೆ ಇಪ್ಪತ್ತೆರಡು ಗಂಟೆ ಯಾಕೆ ಬೇಕು?

ಸಮಸ್ಯೆ ಎತ್ತರದ್ದಲ್ಲ, ವೇಗದ್ದು

ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಮಡಿಕೇರಿಯಿಂದ ಬೆಂಗಳೂರಿಗೆ ಹೋಗಿ ಅರ್ಧ ದಾರಿ ವಾಪಸ್ ಬಂದರೆ ಅಷ್ಟಾಯಿತು. ಇಷ್ಟು ಹತ್ತಿರದಿಂದ ಇಳಿಯೋಕೆ ಇಷ್ಟೊಂದು ಒದ್ದಾಟವಾ ಅನ್ನಿಸುವುದು ಸಹಜ.

ಆದರೆ ಅದು ಅಲ್ಲಿ ನಿಂತಿಲ್ಲ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಒಂದು ಸೆಕೆಂಡಿಗೆ ಏಳೂವರೆ ಕಿ.ಮೀ.ಗಿಂತ ಜಾಸ್ತಿ. ಮಡಿಕೇರಿಯಿಂದ ಕುಶಾಲನಗರ ತಿರುವುಗಳನ್ನೆಲ್ಲ ಸೇರಿಸಿದರೂ ನಾಲ್ಕು ಸೆಕೆಂಡಿನ ದಾರಿ.

ಇಳಿಯಬೇಕಾದರೆ ನೌಕೆ ತಾನು ಓಡುವ ದಿಕ್ಕಿಗೆ ಎದುರಾಗಿ ಎಂಜಿನ್ ಉರಿಸಿ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಸ್ವಲ್ಪ ಅಂದರೆ ನಿಜಕ್ಕೂ ಸ್ವಲ್ಪವೇ, ನೂರರಲ್ಲಿ ಒಂದೆರಡು ಪಾಲು. ಅಷ್ಟಕ್ಕೇ ಅದರ ದಾರಿ ಬಾಗಿ ವಾತಾವರಣದೊಳಗೆ ಬೀಳುತ್ತದೆ, ಉಳಿದ ವೇಗವನ್ನೆಲ್ಲ ಗಾಳಿಯೇ ತಿಂದು ಮುಗಿಸುತ್ತದೆ. ಆ ಹೊತ್ತಲ್ಲಿ ಹೊರಗೆ ಸುಮಾರು 1,900 ಡಿಗ್ರಿ ಸೆಲ್ಸಿಯಸ್ ಕಾವು, ಕೆಲವು ನಿಮಿಷ ರೇಡಿಯೋ ಮಾತೂ ಇಲ್ಲ. ಕ್ರೂ ತಂಡಗಳು ಬರುವ ಸ್ಪೇಸ್‌ಎಕ್ಸ್ ಕಂಪನಿಯ ಡ್ರ್ಯಾಗನ್ ನೌಕೆಯಲ್ಲಿ ಎಂಜಿನ್ ಉರಿಸಲು ಶುರುಮಾಡಿದ್ದರಿಂದ ನೀರಿಗೆ ಬೀಳುವವರೆಗೆ ಸುಮಾರು 50 ನಿಮಿಷ. ಎಂಜಿನ್ ಆ ಕೆಲಸ ಮುಗಿಸಿತು ಅಂದರೆ ಮುಗಿಯಿತು. "ಅಯ್ಯೋ, ಕೆಳಗೆ ಮಳೆ ಶುರುವಾಯ್ತು, ಇನ್ನೊಂದು ಸುತ್ತು ಹೊಡೆದು ಬರ್ತೀವಿ" ಅನ್ನುವ ಹಾಗಿಲ್ಲ.

ಸಮಯ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ 1965ರ ಮಾರ್ಚ್‌ನ ಒಂದು ಕತೆ ಸಾಕು. ಸೋವಿಯತ್ ಒಕ್ಕೂಟದ ವೊಸ್ಖೋದ್-2 ನೌಕೆಯಲ್ಲಿ ಅಲೆಕ್ಸೀ ಲಿಯೊನೊವ್ ಮತ್ತು ಪಾವೆಲ್ ಬೆಲ್ಯಾಯೆವ್ ಇದ್ದರು. ಲಿಯೊನೊವ್ ಆಗಷ್ಟೇ ಪ್ರಪಂಚದ ಮೊದಲ ಬಾಹ್ಯಾಕಾಶ ನಡಿಗೆ ಮುಗಿಸಿದ್ದರು. ತಾನಾಗಿಯೇ ಇಳಿಸುವ ವ್ಯವಸ್ಥೆ ಕೈಕೊಟ್ಟಿತು. ಇಕ್ಕಟ್ಟಿನ ನೌಕೆಯೊಳಗೆ ಇಬ್ಬರೂ ಸೀಟು ಬಿಟ್ಟು ಅಡ್ಡಡ್ಡ ಒರಗಿ ಕೈಯಿಂದಲೇ ದಿಕ್ಕು ಹೊಂದಿಸಿ, ಮತ್ತೆ ಸೀಟಿಗೆ ಬರುವಷ್ಟರಲ್ಲಿ 46 ಸೆಕೆಂಡು ತಡವಾಯಿತು. ಇಳಿದದ್ದು ಗುರಿಯಿಂದ 386 ಕಿ.ಮೀ. ದೂರದ ಹಿಮ ತುಂಬಿದ ಕಾಡಿನಲ್ಲಿ. ಎರಡು ರಾತ್ರಿ ಅಲ್ಲೇ ಕಳೆದರು.

ಆಕಾಶ ಇಡುವ ಮುಹೂರ್ತ

ನಡುರಾತ್ರಿ ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಕೊಡಗಿನವರಿಗೆ ಬೇಗ ಅರ್ಥವಾಗಬೇಕು. ತಲಕಾವೇರಿಯ ತೀರ್ಥೋದ್ಭವ ಒಂದು ವರ್ಷ ಹಗಲಲ್ಲಿ ಬಂದರೆ ಇನ್ನೊಂದು ವರ್ಷ ನಟ್ಟಿರುಳಲ್ಲಿ ಬರುತ್ತದೆ. ಸೂರ್ಯ ತುಲಾ ರಾಶಿಗೆ ಬರುವ ಗಳಿಗೆಗೆ ಅದರ ಲೆಕ್ಕ. ವರ್ಷದಿಂದ ವರ್ಷಕ್ಕೆ ಅದು ಆರು ಗಂಟೆ ಚಿಲ್ಲರೆ ಮುಂದೆ ಸರಿಯುತ್ತದೆ. ಭಕ್ತರಿಗೆ ಚಳಿಯಾಗುತ್ತದೆ, ಬಸ್ಸಿಲ್ಲ ಅಂತ ಸೂರ್ಯ ಕಾಯುವುದಿಲ್ಲ, ಅಲ್ವಾ? ಸುಗ್ಗಿ ಹಬ್ಬ ಪುತ್ತರಿಗೂ ಅಷ್ಟೇ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನೆರೆ ಕಟ್ಟುವ, ಕದಿರು ತೆಗೆಯುವ ಹೊತ್ತು ಗೊತ್ತಾದರೆ ಮನೆಮಂದಿ ಅದಕ್ಕೆ ಹೊಂದಿಕೊಳ್ಳಬೇಕು.

ನೌಕೆಯ ಮುಹೂರ್ತ ಇಡುವುದು ಭೂಮಿಯ ತಿರುಗಾಟ. ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಷ್ಟರಲ್ಲಿ ಭೂಮಿ ತಾನೂ ತಿರುಗಿರುತ್ತದೆ. ಹಾಗಾಗಿ ಪ್ರತಿ ಸುತ್ತಿನಲ್ಲಿ ನೌಕೆಯ ದಾರಿ ಸಮಭಾಜಕದ ಹತ್ತಿರ ಸುಮಾರು 2,500 ಕಿ.ಮೀ. ಪಶ್ಚಿಮಕ್ಕೆ ಜಾರುತ್ತದೆ. ಈ ಸುತ್ತಿನಲ್ಲಿ ಕೊಡಗಿನ ನೆತ್ತಿಯ ಮೇಲೆ ಹೋದದ್ದು ಮುಂದಿನ ಸುತ್ತಿನಲ್ಲಿ ಅರಬ್ಬಿ ಸಮುದ್ರದಾಚೆ ಎಲ್ಲೋ ಹೋಗುತ್ತದೆ. ಇಳಿಯುವ ಒಂದು ಜಾಗ ನೌಕೆಯ ದಾರಿಗೆ ಸರಿಯಾಗಿ ಸಿಗುವುದು ದಿನಕ್ಕೆ ಒಂದೆರಡು ಸಲ ಮಾತ್ರ. ಬುಟ್ಟಿಯ ಆಕಾರದ ನೌಕೆಗೆ ರೆಕ್ಕೆ ಇಲ್ಲ. ಇಳಿಯುವಾಗ ಸ್ವಲ್ಪ ವಾಲಿಕೊಂಡು ದಾರಿ ತಿದ್ದಿಕೊಳ್ಳಬಹುದೇ ಹೊರತು, ವಿಮಾನದ ಹಾಗೆ ನೂರಾರು ಮೈಲಿ ಪಕ್ಕಕ್ಕೆ ಹೊರಳಲು ಆಗುವುದಿಲ್ಲ.

ಆಕ್ಸಿಯಂ-4 ಅನ್ನುವ ಖಾಸಗಿ ಯಾನದಲ್ಲಿ ಹೋಗಿದ್ದ ಶುಭಾಂಶು ಶುಕ್ಲಾ 2025ರ ಜುಲೈ 14ರಂದು ನಿಲ್ದಾಣ ಬಿಟ್ಟರು. ಸ್ಯಾನ್ ಡಿಯಾಗೋ ಹತ್ತಿರ ನೀರಿಗೆ ಇಳಿದದ್ದು 15ರಂದು. ನಮಗೆ ಮಧ್ಯಾಹ್ನ 3 ಗಂಟೆ, ಅಲ್ಲಿ ನಸುಕಿನ ಎರಡೂವರೆ. ನಡುವಿನ ಇಪ್ಪತ್ತೆರಡು ಗಂಟೆ ಚಿಲ್ಲರೆ ಏನು ಮಾಡಿದರು? ಸುತ್ತುತ್ತಾ ಇದ್ದರು. ಎತ್ತರ ಇಳಿಸಿಕೊಳ್ಳುತ್ತಾ, ತಮ್ಮ ದಾರಿ ಇಳಿಯುವ ಜಾಗದ ಮೇಲೆ ಸರಿಯಾಗಿ ಬರುವ ಹೊತ್ತಿಗೆ ಕಾಯುತ್ತಾ. ಸುನೀತಾ ವಿಲಿಯಮ್ಸ್ ಇದ್ದ ಕ್ರೂ-9ಕ್ಕೆ ಅದು 17 ಗಂಟೆ, ಕ್ರೂ-11ಕ್ಕೆ ಹತ್ತು ಗಂಟೆ ಚಿಲ್ಲರೆ.

ಎಲೆ ಅಲುಗಾಡುವಷ್ಟು ಗಾಳಿ

ಮುಹೂರ್ತ ಸಿಕ್ಕಿತು ಅನ್ನೋಣ. ಈಗ ಹವಾಮಾನ ಒಪ್ಪಬೇಕು.

ಡ್ರ್ಯಾಗನ್ ನೌಕೆ ನೀರಿಗೆ ಇಳಿಯುವ ಜಾಗದಲ್ಲಿ ಗಾಳಿಯ ವೇಗ ಸೆಕೆಂಡಿಗೆ 15 ಅಡಿ ದಾಟಬಾರದು ಅನ್ನುವುದು ನಾಸಾ ಪ್ರಕಟಿಸಿರುವ ಮಿತಿ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 16 ಕಿ.ಮೀ. ತೋಟದ ಸಿಲ್ವರ್ ಓಕ್ ಎಲೆ, ಸಣ್ಣ ಕಡ್ಡಿ ಒಂದೇ ಸಮನೆ ಅಲುಗಾಡುವಷ್ಟು ಗಾಳಿ, ಅಷ್ಟೇ. ಜುಲೈಯಲ್ಲಿ ಕೊಡಗಿನಲ್ಲಿ ಬೀಸುವ ಗಾಳಿಯ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಬಿಸಿಲಿದೆ, ಆಕಾಶ ನೀಲಿ ಇದೆ, ಆದರೂ ಗಾಳಿ 20 ಇದ್ದರೆ ಇವತ್ತು ಬೇಡ. ಆಗಸ್ಟ್‌ನ ಸುದ್ದಿಯಲ್ಲಿ ಓದುಗರಿಗೆ ಗೊಂದಲವಾದದ್ದು ಇಲ್ಲೇ.

ಯಾಕೆ ಇಷ್ಟು ಕಟ್ಟುನಿಟ್ಟು? ನೌಕೆ ಸುಮಾರು ಐದೂವರೆ ಕಿ.ಮೀ. ಎತ್ತರದಲ್ಲಿ ಮೊದಲ ಪ್ಯಾರಾಚೂಟ್ ಬಿಚ್ಚುತ್ತದೆ. ಎರಡು ಕಿ.ಮೀ.ಗಿಂತ ಕೆಳಗೆ ಬಂದಾಗ ನಾಲ್ಕು ದೊಡ್ಡ ಪ್ಯಾರಾಚೂಟ್‌ಗಳು ಅರಳುತ್ತವೆ. ನೀರು ಮುಟ್ಟುವಾಗ ಗಂಟೆಗೆ ಸುಮಾರು 25 ಕಿ.ಮೀ. ವೇಗ. ಇದು ಕೆಳಮುಖದ ವೇಗ. ಇದರ ಜೊತೆಗೆ ಗಾಳಿ ಪಕ್ಕಕ್ಕೆ ತಳ್ಳಿದರೆ ನೌಕೆ ನೇರ ಇಳಿಯುವುದಿಲ್ಲ, ಓರೆಯಾಗಿ ಬಡಿಯುತ್ತದೆ. ಅದರ ತಳ ನೀರನ್ನು ಇಷ್ಟೇ ಕೋನದಲ್ಲಿ ಮುಟ್ಟಬೇಕು ಅಂತ ಲೆಕ್ಕ ಹಾಕಿ ಮಾಡಿರುತ್ತಾರೆ. ಏರಿ ಬರುವ ಅಲೆಯ ಇಳಿಜಾರಿಗೆ ಬಡಿದರೆ ಆ ಲೆಕ್ಕ ಕೆಡುತ್ತದೆ. ಅದಕ್ಕೇ ಅಲೆ ಎಷ್ಟು ಎತ್ತರ ಅನ್ನುವುದನ್ನು ಮಾತ್ರ ನೋಡುವುದಿಲ್ಲ. ಅಲೆ ಎಷ್ಟು ಕಡಿದಾಗಿದೆ, ಒಂದು ಅಲೆಗೂ ಇನ್ನೊಂದಕ್ಕೂ ಎಷ್ಟು ಸೆಕೆಂಡು ಅಂತರ ಅನ್ನುವುದನ್ನೂ ನೋಡುತ್ತಾರೆ. ಇಳಿದ ಮೇಲೆ ಬಿಚ್ಚಿಕೊಂಡ ಪ್ಯಾರಾಚೂಟ್ ಗಾಳಿ ತುಂಬಿ ನೌಕೆಯನ್ನು ಎಳೆದಾಡುವ ಭಯ ಬೇರೆ.

ಅಪಾಯದ ಇನ್ನೊಂದು ಪಾಲು ಇರುವುದು ಕರೆತರಲು ಹೋದವರ ಕಡೆ. ದೋಣಿಯವರು ಮೊದಲು ಬಂದು ನೌಕೆಯ ಸುತ್ತ ವಿಷಗಾಳಿ ಇದೆಯಾ ಅಂತ ನೋಡಬೇಕು. ಅದರ ಇಂಧನ ಅಂಥದ್ದು. ಆಮೇಲೆ ಹಗ್ಗ ಕಟ್ಟಿ ಹಡಗಿಗೆ ಎತ್ತಬೇಕು. ಹಡಗು ತೂಗಾಡುತ್ತಿದ್ದರೆ ಟನ್‌ಗಟ್ಟಲೆ ತೂಕದ ನೌಕೆ ಗಂಟೆಯ ನಾಲಿಗೆಯ ಹಾಗೆ ಓಲಾಡುತ್ತದೆ. ಹೆಲಿಕಾಪ್ಟರ್ ಹಾರಲು ಮೋಡ ಮೇಲಿರಬೇಕು, ಸಿಡಿಲು ದೂರ ಇರಬೇಕು. ಒಳಗಿರುವವರು ತಿಂಗಳುಗಟ್ಟಲೆ ತೂಕವೇ ಇಲ್ಲದೆ ತೇಲಿದವರು. ಕಾಲು ಊರಿ ನಿಲ್ಲಲು ಆಗದವರನ್ನು ಅಲೆಯ ಮೇಲೆ ಎರಡು ಗಂಟೆ ಕುಣಿಸಿದರೆ ವಾಂತಿ ಮಾತ್ರ ಅಲ್ಲ, ಅಪಾಯವೂ ಹೌದು.

ನೆಲದ ಮೇಲೆ ಇಳಿದರೆ ಆಗಲ್ವಾ?

ಆಗುತ್ತದೆ. ರಷ್ಯಾದವರು ಕಜಕ್‌ಸ್ತಾನದ ಬಯಲಲ್ಲಿ, ಚೀನಾದವರು ಗೋಬಿ ಮರುಭೂಮಿಯ ಡಾಂಗ್‌ಫೆಂಗ್‌ನಲ್ಲಿ ಇಳಿಯುತ್ತಾರೆ. 1984ರ ಏಪ್ರಿಲ್ 11ರಂದು ರಾಕೇಶ್ ಶರ್ಮಾ ಇಳಿದದ್ದೂ ಕಜಕ್‌ಸ್ತಾನದಲ್ಲೇ. ಅಲೆಯ ತಲೆನೋವಿಲ್ಲ, ಹಡಗು ಬೇಡ, ಗಾಡಿ ಓಡಿಸಿಕೊಂಡು ಹೋಗಬಹುದು. ಆದರೆ ನೆಲ ಗಟ್ಟಿ. ರಷ್ಯಾದ ಸೊಯುಜ್ ನೌಕೆ ನೆಲದಿಂದ ಒಂದು ಮೀಟರಿಗಿಂತ ಕೆಳಗೆ ಬಂದಾಗ ಸಣ್ಣ ರಾಕೆಟ್‌ಗಳನ್ನು ಉರಿಸಿ ಪೆಟ್ಟು ಕಡಿಮೆ ಮಾಡಿಕೊಳ್ಳುತ್ತದೆ. ಗಾಳಿ ಇಲ್ಲೂ ಬಿಡುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಶೆಂಝೌ-19 ಇಳಿಯುವುದು 29ರಿಂದ 30ಕ್ಕೆ ಹೋದದ್ದು ಡಾಂಗ್‌ಫೆಂಗ್‌ನ ಗಾಳಿಯಿಂದಲೇ.

ಇನ್ನೊಂದು ಸಂಗತಿ. ನೆಲ ಅಂತ ಹೊರಟವರಿಗೆ ನೆಲವೇ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ. 1976ರ ಅಕ್ಟೋಬರ್ 16ರಂದು ಸೊಯುಜ್-23 ಹಿಮಗಾಳಿಯ ರಾತ್ರಿಯಲ್ಲಿ ತೆಂಗಿಜ್ ಅನ್ನುವ ಸರೋವರಕ್ಕೆ ಬಿತ್ತು. ಮೇಲೆ ಹೆಪ್ಪುಗಟ್ಟುತ್ತಿರುವ ಮಂಜು, ಕೆಳಗೆ ಉಪ್ಪುನೀರು. ನೀರು ಕುಡಿದ ಪ್ಯಾರಾಚೂಟ್ ನೌಕೆಯನ್ನು ಮಗುಚಿ ಹಿಡಿಯಿತು. ಒಳಗಿದ್ದ ಜುದೋವ್, ರೊಝ್‌ದೆಸ್ತ್ವೆನ್ಸ್ಕಿ ಇಬ್ಬರೂ ರಾತ್ರಿಯಿಡೀ ಚಳಿಯಲ್ಲಿ ಕಳೆದರು. ಬೆಳಗಾದ ಮೇಲೆ ಹೆಲಿಕಾಪ್ಟರ್ ಆ ನೌಕೆಯನ್ನು ಎತ್ತಲಾಗದೆ ನೀರಿನ ಮೇಲೆ ದಡದವರೆಗೆ ಎಳೆದುಕೊಂಡು ಹೋಯಿತು. ಬದುಕಿ ಬಂದದ್ದು ದೊಡ್ಡದು.

ಅಮೆರಿಕದ ಹಳೆಯ ಸ್ಪೇಸ್ ಷಟಲ್ ರೆಕ್ಕೆ ಇದ್ದ ನೌಕೆ, ರನ್‌ವೇ ಮೇಲೆ ಇಳಿಯುತ್ತಿತ್ತು. ಆದರೆ ಇಳಿಯುವಾಗ ಎಂಜಿನ್ ಇಲ್ಲದ ಬರೀ ಗ್ಲೈಡರ್. ರನ್‌ವೇ ತಪ್ಪಿದರೆ ಮತ್ತೆ ಮೇಲೇರುವಂತಿಲ್ಲ. ಹಾಗಾಗಿ ಅದರ ಹವಾಮಾನದ ನಿಯಮ ಇನ್ನೂ ಬಿಗಿ, ಹತ್ತಿರದಲ್ಲಿ ಮಳೆ ಇದ್ದರೂ ಬೇಡ. ಹಿರಿಯ ಗಗನಯಾನಿಯೊಬ್ಬರು ತರಬೇತಿ ವಿಮಾನದಲ್ಲಿ ಅದೇ ದಾರಿಯಲ್ಲಿ ಹಾರಿ, ಮೋಡ ಹೇಗಿದೆ, ಗಾಳಿ ಹೇಗಿದೆ ಅಂತ ಕಣ್ಣಾರೆ ನೋಡಿ ಹೇಳುತ್ತಿದ್ದರು. 1996ರ ಕೊನೆಯಲ್ಲಿ ಕೊಲಂಬಿಯಾ ಎರಡು ದಿನ ಹವಾಮಾನಕ್ಕೆ ಕಾದು ಹದಿನೇಳೂವರೆ ದಿನ ದಾಟಿತು. ಷಟಲ್‌ಗಳಲ್ಲಿ ಅದೇ ಅತಿ ದೀರ್ಘ ಪ್ರಯಾಣ. 2009ರ ಮೇನಲ್ಲಿ ಅಟ್ಲಾಂಟಿಸ್ ಫ್ಲಾರಿಡಾದ ಮಳೆಗೆ ಎರಡು ದಿನ ಕಾದು, ಬೇಸತ್ತು ಕ್ಯಾಲಿಫೋರ್ನಿಯಾದಲ್ಲಿ ಇಳಿಯಿತು. ಆಮೇಲೆ ಅದನ್ನು ಜಂಬೋ ವಿಮಾನದ ಬೆನ್ನ ಮೇಲೆ ಹೊತ್ತು ಫ್ಲಾರಿಡಾಕ್ಕೆ ತರಬೇಕಾಯಿತು.

ಕೊಯ್ದ ಹಣ್ಣು ಗಿಡಕ್ಕೆ ಅಂಟುವುದಿಲ್ಲ

ಕಾಫಿಯಲ್ಲಿ ಮಳೆ ನೋಡಿ ತೀರ್ಮಾನ ಮಾಡುವ ಮೂರು ಘಟ್ಟಗಳಿವೆ. ಹಣ್ಣು ಗಿಡದಲ್ಲಿರುವಾಗ ಕಾಯಬಹುದು. ಸ್ವಲ್ಪ ನಷ್ಟ ಆದೀತು, ಉದುರೀತು, ಆದರೂ ಕೈಯಲ್ಲಿ ಸಮಯ ಇದೆ. ಕೊಯ್ದ ಮೇಲೆ ಕಾಯುವ ಅವಕಾಶ ಕಡಿಮೆ, ಚೀಲದಲ್ಲೇ ಇಟ್ಟರೆ ಕಾವು ಏರಿ ಹುಳಿ ಬರುತ್ತದೆ. ಕಣಕ್ಕೆ ಹಾಕಿ ಅರ್ಧ ಒಣಗಿದಾಗ ಮಳೆ ಬಂದರೆ ಟಾರ್ಪಾಲ್ ಬಿಟ್ಟರೆ ಗತಿಯಿಲ್ಲ. ಒಂದೊಂದು ಹೆಜ್ಜೆ ಇಟ್ಟ ಹಾಗೆ ಹಿಂದಿನ ಬಾಗಿಲು ಮುಚ್ಚುತ್ತಾ ಹೋಗುತ್ತದೆ.

ನೌಕೆಯ ವಾಪಸಾತಿಯೂ ಹೀಗೇ. ನಿಲ್ದಾಣಕ್ಕೆ ಅಂಟಿಕೊಂಡಿರುವಾಗ ಕಾಯುವುದು ಅಗ್ಗ. ಊಟ ಇದೆ, ಆಮ್ಲಜನಕ ಇದೆ, ಶೌಚಾಲಯ ಇದೆ. ಬಿಟ್ಟು ಹೊರಟ ಮೇಲೂ ಕಾಯಬಹುದು, ಆದರೆ ನೌಕೆಯಲ್ಲಿರುವಷ್ಟೇ ಸಾಮಾನು. ಎಂಜಿನ್ ಉರಿಸಿದ ಮೇಲೆ ಕಾಯುವುದು ಅನ್ನುವ ಮಾತೇ ಇಲ್ಲ. ಹಾಗಾಗಿ ತಲೆಕೆಡಿಸಿಕೊಳ್ಳುವುದೆಲ್ಲ ಮೊದಲ ಘಟ್ಟದಲ್ಲೇ ನಡೆಯುತ್ತದೆ. ಎರಡು ದಿನ ಮುಂಚೆ ಒಮ್ಮೆ, ಹಿಂದಿನ ದಿನ ಒಮ್ಮೆ, ಹೊರಡಲು ಕೆಲವು ಗಂಟೆ ಇರುವಾಗ ಮತ್ತೊಮ್ಮೆ ಮುನ್ಸೂಚನೆ ನೋಡುತ್ತಾರೆ. ಇವರಿಗೆ ಬೇಕಿರುವುದು ಈಗಿನ ಹವಾಮಾನ ಅಲ್ಲ, ಹತ್ತಿಪ್ಪತ್ತು ಗಂಟೆ ಆಚೆ, ಕಡಲಿನ ಮಧ್ಯೆ ಒಂದು ಸಣ್ಣ ಜಾಗದ ಹವಾಮಾನ. ಒಂದು ತೋಟದಲ್ಲಿ ಒಂದು ಇಂಚು ನಲವತ್ತು ಸೆಂಟು ಮಳೆ ಬಿದ್ದು ಗುಡ್ಡದಾಚೆಯ ತೋಟದಲ್ಲಿ ಮಣ್ಣೂ ನೆನೆಯದ ಊರಿನವರಿಗೆ ಅದು ಎಷ್ಟು ಕಷ್ಟ ಅಂತ ಬಿಡಿಸಿ ಹೇಳಬೇಕಿಲ್ಲ.

ಕಾಯೋಣ ಅನ್ನುವವರು, ಬರಲಿ ಅನ್ನುವವರು

ಹಾಗಾದರೆ ಯಾವಾಗಲೂ ಕಾಯುವುದೇ ಸರಿಯಲ್ವಾ? ಇಲ್ಲಿ ಎರಡು ವಾದ ಇವೆ, ಎರಡರಲ್ಲೂ ಹುರುಳಿದೆ.

ಕಾಯೋಣ ಅನ್ನುವವರ ಬಲವಾದ ಉದಾಹರಣೆ ಕ್ರೂ-8. 2024ರ ಅಕ್ಟೋಬರ್ 7ರ ಸುಮಾರಿಗೆ ಹೊರಡಬೇಕಿದ್ದ ತಂಡ ಅದು. ಮಿಲ್ಟನ್ ಚಂಡಮಾರುತ ಬಂತು, ಅದು ಹೋದ ಮೇಲೂ ಕಡಲು ಸುಮ್ಮನಾಗಲಿಲ್ಲ. ಹೊರಟದ್ದು 23ಕ್ಕೆ, ಇಳಿದದ್ದು 25ಕ್ಕೆ. ಒಟ್ಟು 235 ದಿನ ಆಯಿತು, ಒಬ್ಬರು ಒಂದು ರಾತ್ರಿ ಆಸ್ಪತ್ರೆಯಲ್ಲಿ ಉಳಿಯಬೇಕಾಯಿತು, ಆದರೆ ಇಳಿದದ್ದು ಸುರಕ್ಷಿತವಾಗಿ. ಎರಡು ವಾರದ ಬೇಸರ ಬಿಟ್ಟರೆ ಕಾದದ್ದರಿಂದ ಏನೂ ಕಳೆದುಹೋಗಲಿಲ್ಲ ಅನ್ನುವುದು ಅವರ ಲೆಕ್ಕ.

ಬರಲಿ ಅನ್ನುವವರ ಲೆಕ್ಕ ಬೇರೆ. ನೌಕೆ ನಿಲ್ದಾಣದಲ್ಲಿ ಸುಮ್ನೆ ನಿಂತಿದೆ ಅಂದರೆ ಸುರಕ್ಷಿತವಾಗಿದೆ ಅಂತ ಅರ್ಥವಲ್ಲ. ಡ್ರ್ಯಾಗನ್‌ಗೆ ಮೊದಲು ಇಟ್ಟುಕೊಂಡಿದ್ದ ಮಿತಿ 210 ದಿನ, ಕ್ರೂ-8 ಅದನ್ನು ದಾಟಿತ್ತು. ಒಂದು ದಿನ ಜಾಸ್ತಿ ಅಂದರೆ ಚೂರು ಬಡಿಯುವ ಅವಕಾಶವೂ ಒಂದು ದಿನದಷ್ಟು ಜಾಸ್ತಿ. ಶೆಂಝೌ-20ರ ಕಿಟಕಿಯಲ್ಲಿ ಬಿರುಕು ಕಂಡದ್ದು ಹೊರಡುವ ಹೊತ್ತಿನಲ್ಲೇ. ಮನುಷ್ಯರ ದೇಹವೂ ಇದೆ. ಎಲುಬು, ಸ್ನಾಯು ದಿನದಿಂದ ದಿನಕ್ಕೆ ಸವೆಯುತ್ತವೆ. ಕ್ರೂ-11ರ ಹಾಗೆ ಆರೋಗ್ಯ ಕೆಟ್ಟರೆ ಕಾಯುವ ಬೆಲೆ ಒಮ್ಮೆಲೇ ಏರುತ್ತದೆ. ನಿಲ್ದಾಣದ ಇತಿಹಾಸದಲ್ಲಿ ಆರೋಗ್ಯದ ಕಾರಣಕ್ಕೆ ತಂಡವನ್ನು ಬೇಗ ಕರೆಸಿದ್ದು ಅದೇ ಮೊದಲು. ಆಗಲೂ ಹವಾಮಾನದ ಮಿತಿಗಳನ್ನು ಬಿಡಲಿಲ್ಲ ಅನ್ನುವುದು ಗಮನಿಸಬೇಕಾದ್ದು. ತಂಡದವರ ಸ್ಥಿತಿ ಸ್ಥಿರವಾಗಿತ್ತು, ಸರಿಯಾದ ದಿನ ನೋಡಿಯೇ ಜನವರಿ 15ಕ್ಕೆ ಇಳಿಸಿದರು.

ಹವಾಮಾನ ಅಂದರೆ ತಡ ಮಾತ್ರ ಅಂದುಕೊಳ್ಳಬೇಡಿ. ಸುನೀತಾ ವಿಲಿಯಮ್ಸ್ 286 ದಿನ ಕಳೆದು ಬಂದಾಗ ರಾಜಕೀಯದ ಗಲಾಟೆಯಲ್ಲಿ ಒಂದು ಸಣ್ಣ ವಿಷಯ ಮುಳುಗಿಹೋಯಿತು. ಅವರ ವಾಪಸಾತಿ ಒಂದು ದಿನ ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಬಂತು. ವಾರದ ಕೊನೆಗೆ ಹವಾಮಾನ ಕೆಡುವ ಸೂಚನೆ ಇತ್ತು, ಅದಕ್ಕೇ ಮಾರ್ಚ್ 18ರ ಸಂಜೆಯೇ ಇಳಿಸಿದರು. ನಾಳೆ ಮಳೆ ಅಂತ ಗೊತ್ತಾದರೆ ಇವತ್ತೇ ಕಾಫಿ ಗುಡ್ಡೆ ಮಾಡಿ ಗೋಡೌನ್ ಸೇರಿಸುವ ಹಾಗೆ.

ಏಳು ಜಾಗ ಇದ್ದರೂ ಒಂದೇ ಮಳೆ

ಒಂದು ಕಡೆ ಹವಾಮಾನ ಕೆಟ್ಟರೆ ಇನ್ನೊಂದು ಕಡೆ ಇಳಿಯಬಹುದಲ್ಲ? ಅದಕ್ಕೇ ಫ್ಲಾರಿಡಾದ ಎರಡೂ ಬದಿಯ ಕಡಲಲ್ಲಿ ಸೇರಿ ಏಳು ಜಾಗ ಇಟ್ಟುಕೊಂಡಿದ್ದರು. 2020ರ ಆಗಸ್ಟ್ 2ರಂದು ಡ್ರ್ಯಾಗನ್ ಮೊದಲ ಸಲ ಮನುಷ್ಯರನ್ನು ಹೊತ್ತು ಬಂದಾಗ ಅಟ್ಲಾಂಟಿಕ್ ಕಡೆ ಇಸಾಯಸ್ ಚಂಡಮಾರುತ ಇತ್ತು. ಗಲ್ಫ್ ಕಡೆಯ ಪೆನ್ಸಕೋಲಾದಲ್ಲಿ ಕಡಲು ಶಾಂತವಾಗಿತ್ತು, ಅಲ್ಲೇ ಇಳಿಸಿದರು. ಆದರೆ ಮಿಲ್ಟನ್ ಗಲ್ಫ್‌ನಿಂದ ಬಂದು ಫ್ಲಾರಿಡಾವನ್ನೇ ದಾಟಿ ಅಟ್ಲಾಂಟಿಕ್‌ಗೆ ಹೋಯಿತು. ಏಳು ಜಾಗ ಇದ್ದೂ ಉಪಯೋಗವಾಗಲಿಲ್ಲ. ಭಾಗಮಂಡಲದಲ್ಲಿ ಸುರಿಯುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿದ್ದರೆ ಅದು ನಿಜವಾದ ಎರಡನೇ ಜಾಗ. ಭಾಗಮಂಡಲಕ್ಕೆ ಬದಲಾಗಿ ನಾಪೋಕ್ಲು ಅಂದರೆ ಹೆಸರು ಎರಡು, ಮಳೆ ಒಂದೇ.

2025ರಿಂದ ಡ್ರ್ಯಾಗನ್‌ಗಳು ಕ್ಯಾಲಿಫೋರ್ನಿಯಾ ಕಡೆ ಇಳಿಯುತ್ತಿವೆ. ಇದಕ್ಕೆ ಹವಾಮಾನ ಕಾರಣ ಅಲ್ಲ. ನೌಕೆಯ ಹಿಂಭಾಗದ ಡಬ್ಬಿಯಂಥ ಭಾಗವನ್ನು ಮೊದಲು ಮೇಲೆಯೇ ಬಿಟ್ಟು ಬರುತ್ತಿದ್ದರು. ಅದು ತಿಂಗಳುಗಳ ನಂತರ ಎಲ್ಲೆಂದರಲ್ಲಿ ಬೀಳುತ್ತಿತ್ತು. ಪೂರ್ತಿ ಉರಿದುಹೋಗುತ್ತದೆ ಅಂದುಕೊಂಡದ್ದು ಸುಳ್ಳಾಯಿತು. 2022ರಲ್ಲಿ ಆಸ್ಟ್ರೇಲಿಯಾದ ಕುರಿ ಮೇಯುವ ಹೊಲದಲ್ಲಿ, 2024ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಚೂರುಗಳು ಸಿಕ್ಕವು. ಈಗ ಆ ಭಾಗವನ್ನು ಇಳಿಯುವ ದಾರಿ ಹಿಡಿದ ಮೇಲೆಯೇ ಬಿಡುತ್ತಾರೆ, ಅದು ಪೆಸಿಫಿಕ್ ಸಮುದ್ರಕ್ಕೆ ಬೀಳುತ್ತದೆ. ನೆಲದ ಮೇಲಿರುವವರಿಗೆ ಒಳ್ಳೆಯದಾಯಿತು. ಬೆಲೆ ಏನೆಂದರೆ, ಒಂದೇ ಕರಾವಳಿಯ ಹವಾಮಾನಕ್ಕೆ ಕಟ್ಟುಬಿದ್ದ ಹಾಗಾಯಿತು. ಕ್ರೂ-10ರ ಒಂದು ದಿನದ ಕಾಯುವಿಕೆಯಲ್ಲಿ ಇದರ ಪಾಲೂ ಇದೆ ಅನ್ನಿಸುತ್ತದೆ.

ಚಂದ್ರನಿಂದ ಬರುವವರಿಗೆ ಕಾಯುವ ಸೌಕರ್ಯವೇ ಇಲ್ಲ. ಅವರು ನೇರ ಬಂದು ವಾತಾವರಣಕ್ಕೆ ನುಗ್ಗುತ್ತಾರೆ, ಹೊತ್ತು ಮೊದಲೇ ನಿಗದಿ. 1969ರ ಜುಲೈ 24ರಂದು ಅಪೊಲೊ-11 ಇಳಿಯಬೇಕಿದ್ದ ಜಾಗದಲ್ಲಿ ಗುಡುಗು ಮಳೆಯ ಮುನ್ಸೂಚನೆ ಸಿಕ್ಕಿತು. ಗೂಢಚಾರ ಉಪಗ್ರಹದ ಚಿತ್ರ ನೋಡಿದ ಹವಾಮಾನ ಅಧಿಕಾರಿಯೊಬ್ಬರು ಹೇಳಿದ ಮಾತು ಅದು, ಆಗ ಬಹಿರಂಗವಾಗಿ ಹೇಳುವಂತೆಯೂ ಇರಲಿಲ್ಲ. ಹೊತ್ತು ಬದಲಿಸಲಾಗದ್ದರಿಂದ ಜಾಗವನ್ನೇ ಬದಲಿಸಿದರು, ಸುಮಾರು 400 ಕಿ.ಮೀ. ಆಚೆಗೆ. ಹಡಗೂ ಓಡಬೇಕಾಯಿತು.

ನಮ್ಮ ಗಗನಯಾನಕ್ಕೆ ಇದರಿಂದ ಏನು?

ಇಸ್ರೋದ ಗಗನಯಾನ 400 ಕಿ.ಮೀ. ಎತ್ತರಕ್ಕೆ ಮೂವರನ್ನು ಮೂರು ದಿನಕ್ಕೆ ಕಳಿಸುವ ಯೋಜನೆ. ಇಳಿಯುವುದು ಕಡಲಿಗೆ, ಎತ್ತಿಕೊಳ್ಳುವುದು ನೌಕಾಪಡೆ. 2018ರಲ್ಲಿ ಯೋಜನೆ ವಿವರಿಸುವಾಗ ಗುಜರಾತ್ ಹತ್ತಿರದ ಅರಬ್ಬಿ ಸಮುದ್ರ ಮೊದಲ ಆಯ್ಕೆ, ಬಂಗಾಳ ಕೊಲ್ಲಿ ಎರಡನೆಯದು ಅಂದಿದ್ದರು. ಎರಡು ಬೇರೆ ಕಡಲು, ಎರಡು ಬೇರೆ ಹವಾಮಾನ. ಇದು ಒಳ್ಳೆಯ ಯೋಚನೆ.

ಆದರೆ ಕ್ಯಾಲೆಂಡರ್ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬಿ ಸಮುದ್ರ ಹೇಗಿರುತ್ತದೆ ಅನ್ನುವುದು ಬ್ರಹ್ಮಗಿರಿಗೆ ಬಂದು ಬಡಿಯುವ ಮೋಡಕ್ಕೇ ಗೊತ್ತು. ಕಕ್ಕಡದ ಮಳೆ ತಿಂಗಳಲ್ಲಿ ಕೊಡಗನ್ನು ತೋಯಿಸುವ ಗಾಳಿ ಹುಟ್ಟಿಸುವುದು ಅದೇ ಕಡಲಿನ ಅಲೆಯನ್ನು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಚಂಡಮಾರುತ. ವರ್ಷದಲ್ಲಿ ಎರಡೂ ಕಡಲು ಒಟ್ಟಿಗೆ ಸುಮ್ಮನಿರುವ ತಿಂಗಳುಗಳು ಕಡಿಮೆಯೇ. ರಾಕೆಟ್ ಸಿದ್ಧವಾದ ಮಾತ್ರಕ್ಕೆ ಹಾರಿಸುವಂತಿಲ್ಲ. ಮೂರು ದಿನದ ನಂತರದ ಕಡಲಿನ ಸ್ಥಿತಿ ನೋಡಿ ಹಾರಿಸಬೇಕು. ಅಂದರೆ ಇಳಿಯುವ ಹವಾಮಾನವೇ ಹಾರುವ ದಿನವನ್ನೂ ತೀರ್ಮಾನಿಸುತ್ತದೆ.

ನೀರಿನ ಪಾಠ ಇಸ್ರೋಗೆ ಆಗಲೇ ಸ್ವಲ್ಪ ಆಗಿದೆ. 2023ರ ಅಕ್ಟೋಬರ್ 21ರ ಟಿವಿ-ಡಿ1 ಅನ್ನುವ ಪರೀಕ್ಷಾ ಹಾರಾಟ ಬೆಳಿಗ್ಗೆ ಎಂಟಕ್ಕೆ ಆಗಬೇಕಿತ್ತು. ಮೊದಲು ಹವಾಮಾನಕ್ಕೆ ತಡ, ಆಮೇಲೆ ಐದು ಸೆಕೆಂಡ್ ಇರುವಾಗ ಕಂಪ್ಯೂಟರ್ ತಡೆಯಿತು, ಹಾರಿದ್ದು ಹತ್ತಕ್ಕೆ. ಹಾರಾಟ ಚೆನ್ನಾಗಿಯೇ ಆಯಿತು. ಆದರೆ ಬಂಗಾಳ ಕೊಲ್ಲಿಗೆ ಇಳಿದ ಖಾಲಿ ನೌಕೆ ನೀರಿನಲ್ಲಿ ತಲೆಕೆಳಗಾಗಿ ತೇಲುತ್ತಿತ್ತು. ಒಳಗೆ ಜನ ಇದ್ದಾಗ ಹೀಗಾದರೆ ಚೀಲಗಳು ಉಬ್ಬಿ ನೌಕೆಯನ್ನು ನೆಟ್ಟಗೆ ಮಾಡಬೇಕು. ಒರಟು ಅಲೆಯಲ್ಲಿ ಅದು ಎಷ್ಟು ಬೇಗ ಆಗುತ್ತದೆ ಅನ್ನುವುದು ದೊಡ್ಡ ಪ್ರಶ್ನೆ. ಆಮೇಲೆ 2024ರ ಡಿಸೆಂಬರ್‌ನಲ್ಲಿ ವಿಶಾಖಪಟ್ಟಣದ ಹತ್ತಿರ ನೌಕೆಯನ್ನು ಹಡಗಿನ ಹೊಟ್ಟೆಯೊಳಗೇ ಸೇರಿಸುವ ಅಭ್ಯಾಸ, 2025ರ ಆಗಸ್ಟ್‌ನಲ್ಲಿ ಹೆಲಿಕಾಪ್ಟರಿನಿಂದ ಬೀಳಿಸಿ ಪ್ಯಾರಾಚೂಟ್ ಪರೀಕ್ಷೆ ಆಗಿವೆ.

ಅಂಕಿಗಳನ್ನು ಮೊದಲೇ ಹೇಳಲಿ

ನನಗೆ ಭಯ ಇರುವುದು ತಂತ್ರಜ್ಞಾನದ ಬಗ್ಗೆ ಅಲ್ಲ, ಗದ್ದಲದ ಬಗ್ಗೆ. ಗಗನಯಾನ ವಾಪಸ್ ಬರುವ ದಿನ ಟಿವಿಯಲ್ಲಿ ನೇರ ಪ್ರಸಾರ, ಗಣ್ಯರು, ಪೂಜೆ, ಎಲ್ಲ ಇರುತ್ತದೆ. ಆಗ "ಗಾಳಿ ಗಂಟೆಗೆ ನಾಲ್ಕು ಕಿ.ಮೀ. ಜಾಸ್ತಿ ಇದೆ, ನಾಳೆ ಬರ್ತಾರೆ" ಅನ್ನುವ ಧೈರ್ಯ ಒಬ್ಬ ಅಧಿಕಾರಿಗೆ ಇರಬೇಕು.

ಕೊಡಗಿನಲ್ಲಿ ಈ ಪೇಚಾಟ ಪ್ರತಿ ಮಳೆಗಾಲದಲ್ಲೂ ನಡೆಯುತ್ತದೆ. ರೆಡ್ ಅಲರ್ಟ್ ನೋಡಿ ಹಿಂದಿನ ಸಂಜೆ ಶಾಲೆಗೆ ರಜೆ ಕೊಡುತ್ತಾರೆ, ಮಾರನೇ ದಿನ ಫಳಫಳ ಬಿಸಿಲು. ಊರೆಲ್ಲ ನಗುತ್ತದೆ. ಮುಂದಿನ ಸಲ ರಜೆ ಕೊಡದಿದ್ದರೆ ಬೆಳಿಗ್ಗೆ ಏಳಕ್ಕೇ ತೋಡು ತುಂಬಿ ರಸ್ತೆ ಬಂದ್. ಆಗ ಅದೇ ಊರು ಬೈಯುತ್ತದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದಲ್ಲಿ ಗುಡ್ಡ ಜಾರಿದ್ದನ್ನು ಕಂಡ ಜಿಲ್ಲೆಯಲ್ಲಿ ಬಿಸಿಲಿನ ರಜೆಯನ್ನು ನಷ್ಟ ಅನ್ನಲಾಗದು. ತೀರ್ಮಾನ ಮಾಡುವ ಹೊತ್ತಲ್ಲಿ ಗೊತ್ತಿದ್ದದ್ದು ಏನು ಅನ್ನುವುದರಿಂದ ಅದನ್ನು ಅಳೆಯಬೇಕು, ಮಾರನೇ ದಿನದ ಆಕಾಶದಿಂದಲ್ಲ.

ನಾಸಾ ತನ್ನ ಮಿತಿಗಳನ್ನು ಪ್ರಕಟಿಸಿದೆ. ಹಾಗಾಗಿ ಕ್ರೂ-10 ತಡವಾದಾಗ ಯಾರೂ ನೌಕೆ ಕೆಟ್ಟಿತು ಅನ್ನಲಿಲ್ಲ. ಗಾಳಿ ಇಷ್ಟು, ಮಿತಿ ಇಷ್ಟು, ಮುಗಿಯಿತು. ಇಸ್ರೋ ಕೂಡ ಹಾರುವ ಮುಂಚೆಯೇ ಗಾಳಿ ಎಷ್ಟು, ಅಲೆ ಎಷ್ಟು, ಹಡಗು ಎಷ್ಟು ದೂರ ಅನ್ನುವ ಅಂಕಿಗಳನ್ನು ಜನರ ಮುಂದೆ ಇಟ್ಟರೆ, ತಡವಾದ ದಿನ ಗಾಳಿಸುದ್ದಿಗೆ ಜಾಗ ಇರುವುದಿಲ್ಲ. ಒಳಗಿನವರ ಮೇಲೆ ಒತ್ತಡವೂ ಕಡಿಮೆ, ಯಾಕೆಂದರೆ ಬೇಡ ಅಂದದ್ದು ಒಬ್ಬ ಮನುಷ್ಯ ಅಲ್ಲ, ಮೊದಲೇ ಬರೆದಿಟ್ಟ ಸಂಖ್ಯೆ.

ಇನ್ನೊಂದು ಅಂಕಿಯನ್ನೂ ಕೇಳಬೇಕು. ಬಾಹ್ಯಾಕಾಶ ನಿಲ್ದಾಣದಿಂದ ಬರುವವರಿಗೆ ಹಿಂದೆ ಒಂದು ಮನೆ ಇರುತ್ತದೆ, ಕ್ರೂ-8 ಎರಡು ವಾರ ಅದರಲ್ಲೇ ಕೂತಿತ್ತು. ಗಗನಯಾನದವರಿಗೆ ಆ ಮನೆ ಇಲ್ಲ. ಮೂರು ದಿನದ ನೌಕೆಯಲ್ಲಿ ಮೂವರಿಗೆ ಆಮ್ಲಜನಕ, ನೀರು, ಊಟ, ಬ್ಯಾಟರಿ ಎಷ್ಟು ದಿನಕ್ಕೆ ಹೆಚ್ಚುವರಿಯಾಗಿ ಇರುತ್ತದೆ? ಕೆಳಗೆ ಕಡಲು ಕೆರಳಿದಾಗ ಅಷ್ಟು ದಿನ ಮಾತ್ರ "ಇವತ್ತು ಬೇಡ" ಅನ್ನಬಹುದು.